ವಾಪಸ್ ಬರುವ ತಾರೀಖಿಲ್ಲದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ

ಹುಬ್ಬಳ್ಳಿಯ ಒಂದು ಮನೆಯಲ್ಲಿ ನಡೆದದ್ದು. ಗಂಡನಿಗೆ ಕೆನಡಾದಲ್ಲಿ ಕೆಲಸ, ಹೆಂಡತಿ ಏಳು ವರ್ಷದ ಮಗನೊಂದಿಗೆ ಇಲ್ಲೇ ಇದ್ದಳು. ಇಬ್ಬರ ನಡುವೆ ಮಾತು ಕಡಿಮೆಯಾಗಿತ್ತು, ಆದರೆ ಕೋರ್ಟಿನ ತನಕ ಹೋಗಿರಲಿಲ್ಲ. ಬೇಸಿಗೆ ಸೂಟಿಗೆ ಬಂದ ಗಂಡ “ಒಂದ್ ತಿಂಗಳು ಕರ್ಕೊಂಡ್ ಹೋಗಿ ಬರ್ತೀನಿ” ಅಂದ. ಅತ್ತೆಯೂ “ಮೊಮ್ಮಗ ವಿಮಾನ ಹತ್ತಲಿ ಬಿಡವಾ” ಅಂದರು. ಕೋರ್ಟ್ ಮುಂದಿನ ಟೈಪಿಸ್ಟ್ ಹಳೇ ನಮೂನೆಯಲ್ಲಿ ಹೆಸರು ಬದಲಿಸಿ ಕೊಟ್ಟ, ನೋಟರಿ ಮೊಹರು ಬಿತ್ತು. ಪತ್ರದಲ್ಲಿ ಇದ್ದದ್ದು ಇಷ್ಟೇ: “ನನ್ನ ಮಗನು ತಂದೆಯೊಂದಿಗೆ ಕೆನಡಾಕ್ಕೆ ಹೋಗಿ ಅಲ್ಲಿ ಇರಲು ನನ್ನ ಅಭ್ಯಂತರವಿಲ್ಲ.”

ಜೂನ್‌ನಲ್ಲಿ ಇಲ್ಲಿ ಶಾಲೆ ಶುರುವಾಯಿತು, ಮಗ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಅವನನ್ನು ಅಲ್ಲಿನ ಶಾಲೆಗೆ ಹಾಕಿದ್ದು ವಿಡಿಯೊ ಕಾಲಿನಲ್ಲಿ ಗೊತ್ತಾಯಿತು. ತಾಯಿ ತಕರಾರು ತೆಗೆದಾಗ ಗಂಡ ಮುಂದಿಟ್ಟದ್ದು ಆ ಪತ್ರವನ್ನೇ. “ಅಲ್ಲಿ ಇರಲು” ಅನ್ನುವ ಎರಡು ಶಬ್ದ ಸಾಕಾದವು.

ಠಾಣೆಯಲ್ಲಿ “ತಂದೀನ ಕರ್ಕೊಂಡ್ ಹೋಗ್ಯಾನಲ್ರೀ, ಇದು ಕೋರ್ಟಿನ ವಿಷಯ” ಅಂದರು. ಕೇಳಲು ಕಠೋರ, ಆದರೆ ಪೂರ್ತಿ ತಪ್ಪಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ ಕಲಂ 6ರಂತೆ ತಂದೆಯೂ ಸಹಜ ಗಾರ್ಡಿಯನ್. ಕಸ್ಟಡಿ ಬಗ್ಗೆ ಯಾವ ಆದೇಶವೂ ಇಲ್ಲದಾಗ ಅವನ ಮೇಲೆ ಅಪಹರಣದ ಕೇಸು ನಿಲ್ಲಿಸುವುದು ಕಷ್ಟ. ಐದು ವರ್ಷದೊಳಗಿನ ಮಗು ತಾಯಿಯ ಹತ್ತಿರವೇ ಅನ್ನುವ ಮಾತನ್ನು ಬಹಳ ಮಂದಿ ನೆಚ್ಚಿಕೊಂಡಿರುತ್ತಾರೆ. ಅದೇ ಕಲಂನಲ್ಲಿ ಇರುವುದು “ಸಾಮಾನ್ಯವಾಗಿ” ಎಂದು. ವಿಮಾನ ಹತ್ತುವುದನ್ನು ಅದು ತಡೆಯುವುದಿಲ್ಲ.

ಮಗುವನ್ನು ದೇಶ ದಾಟಿಸಿ ಇಟ್ಟುಕೊಂಡರೆ ಬೇಗ ಹಿಂದಿರುಗಿಸಲು 1980ರ ಹೇಗ್ ಒಪ್ಪಂದ ಇದೆ. ಕೆನಡಾ, ಅಮೆರಿಕ, ಬ್ರಿಟನ್ ಅದರಲ್ಲಿವೆ, ಭಾರತ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರಲ್ಲೇ 218ನೇ ವರದಿಯಲ್ಲಿ ಹೇಳಿತ್ತು. ಹಾಗಾಗಿ ಹುಬ್ಬಳ್ಳಿಯ ತಾಯಿಗೆ ಆ ದಾರಿಯೇ ಇಲ್ಲ; ಅಲ್ಲಿಯ ಕೋರ್ಟಿನಲ್ಲಿ, ಅಲ್ಲಿಯ ವಕೀಲರನ್ನಿಟ್ಟು, ಡಾಲರ್‌ನಲ್ಲಿ ಫೀ ಕೊಟ್ಟು ಹೋರಾಡಬೇಕು. ತಡವಾದಷ್ಟೂ “ಮಗು ಇಲ್ಲಿ ಹೊಂದಿಕೊಂಡಿದೆ” ಅನ್ನುವ ವಾದಕ್ಕೆ ಬಲ.

ಪಾಸ್‌ಪೋರ್ಟ್ ಹಂತದಲ್ಲೂ ಎಡವುವವರಿದ್ದಾರೆ. ಮಗುವಿನ ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರೂ ಸಹಿ ಹಾಕುವುದು ಅನೆಕ್ಷರ್ ಡಿ. ಒಬ್ಬರೇ ಅರ್ಜಿ ಹಾಕುವಾಗ, ಇನ್ನೊಬ್ಬರ ಒಪ್ಪಿಗೆ ಯಾಕಿಲ್ಲ ಎಂದು ಬರೆದುಕೊಡುವುದು ಅನೆಕ್ಷರ್ ಸಿ. 2016ರ ಕೊನೆಯಿಂದ ಇವೆರಡೂ ಬಿಳಿ ಹಾಳೆಯ ಸ್ವಯಂ ಘೋಷಣೆಗಳು, ನೋಟರಿ ಬೇಕಿಲ್ಲ. ಸುಲಭವಾಯಿತು ನಿಜ, ಆದರೆ ಇನ್ನೊಬ್ಬರ ಸಹಿಯನ್ನು ತಾವೇ ಗೀಚುವುದೂ ಸುಲಭವಾಯಿತು. ಸುಳ್ಳು ಮಾಹಿತಿ ಕೊಟ್ಟರೆ ಪಾಸ್‌ಪೋರ್ಟ್ ಕಾಯ್ದೆಯ ಕಲಂ 12ರಂತೆ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಲಂ 10ರಡಿ ಪಾಸ್‌ಪೋರ್ಟನ್ನೇ ಜಪ್ತಿ ಮಾಡಬಹುದು. ಸಹಿ ಹಾಕುವವರೂ ನೆನಪಿಡಬೇಕು: ಅನೆಕ್ಷರ್ ಡಿ ಪಾಸ್‌ಪೋರ್ಟಿಗೆ ಕೊಟ್ಟ ಒಪ್ಪಿಗೆ, ಪ್ರಯಾಣಕ್ಕೆ ಅಲ್ಲ. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಸಂಸಾರದ ಬಣ್ಣ ಬದಲಾಗಬಹುದು.

ಪ್ರಯಾಣದ ಪತ್ರವನ್ನು ಪ್ರತಿ ಸಲ ಹೊಸದಾಗಿ, ಒಂದೇ ಪ್ರವಾಸಕ್ಕೆ ಬರೆಸಿರಿ. ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆ, ಜನ್ಮ ದಿನಾಂಕ, ಪಾಸ್‌ಪೋರ್ಟ್ ನಂಬರ್, ಕರೆದೊಯ್ಯುವವರ ಪಾಸ್‌ಪೋರ್ಟ್ ನಂಬರ್, ಯಾವ ದೇಶ, ಉಳಿಯುವ ಮನೆಯ ಪೂರ್ತಿ ವಿಳಾಸ, ಹೋಗುವ ಮತ್ತು ಬರುವ ವಿಮಾನದ ನಂಬರ್ ಹಾಗೂ ತಾರೀಖು. ಆಮೇಲೆ ಬಹಳ ಪತ್ರಗಳಲ್ಲಿ ಇರದ ಸಾಲು: “ಇದು ಭೇಟಿಗೆ ಮಾತ್ರ ಕೊಟ್ಟ ಒಪ್ಪಿಗೆ. ಮಗುವಿನ ವಾಸಸ್ಥಳ ಬದಲಿಸಲು, ಅಲ್ಲಿ ಶಾಲೆಗೆ ಸೇರಿಸಲು, ಪಿಆರ್ (ಕಾಯಂ ವಾಸದ ಪರವಾನಗಿ) ಅಥವಾ ಪೌರತ್ವಕ್ಕೆ ಅರ್ಜಿ ಹಾಕಲು ಒಪ್ಪಿಗೆ ಇಲ್ಲ. ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳ ಹುಬ್ಬಳ್ಳಿ.” ಕೊನೆಯ ವಾಕ್ಯ ಸುಮ್ಮನೆ ಅಲ್ಲ. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ ಕಲಂ 9 ಯಾವ ಕೋರ್ಟಿಗೆ ಅಧಿಕಾರ ಎಂದು ನಿರ್ಧರಿಸುವುದು ಈ “ಸಾಮಾನ್ಯ ವಾಸ”ದ ಮೇಲೆ. ಪ್ರತಿ ಪುಟಕ್ಕೂ ಇಬ್ಬರ ಸಹಿ, ನೋಟರಿ ಮಾಡಿದ ಒಂದು ಮೂಲ ಪ್ರತಿ ನಿಮ್ಮ ಕೈಯಲ್ಲಿ.

ಅನುಮಾನ ಈಗಾಗಲೇ ಬಂದಿದ್ದರೆ ಪತ್ರದ ಮೇಲೆ ಭರವಸೆ ಇಡಬೇಡಿ. ಹಿರಿಯರು ಕೂತು ಬಾಂಡ್ ಪೇಪರ್ ಮೇಲೆ ಬರೆಸಿದ ಒಪ್ಪಂದಕ್ಕೂ ಇಮಿಗ್ರೇಶನ್ ಕೌಂಟರಿನಲ್ಲಿ ಬೆಲೆ ಇಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ಕಸ್ಟಡಿ ಅರ್ಜಿ ಹಾಕಿ, ಅದರ ಜೊತೆಗೇ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ ಕಲಂ 12ರಡಿ ಮಧ್ಯಂತರ ಆದೇಶ ಕೇಳಿ: ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ದೇಶದಿಂದ ಹೊರಗೆ ಒಯ್ಯಬಾರದು, ಪಾಸ್‌ಪೋರ್ಟನ್ನು ಕೋರ್ಟಿನಲ್ಲಿ ಇಡಬೇಕು ಎಂದು. ಆದೇಶ ಸಿಕ್ಕ ದಿನವೇ ಪ್ರಮಾಣಿತ ಪ್ರತಿ ತೆಗೆದು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ, ಬ್ಯೂರೊ ಆಫ್ ಇಮಿಗ್ರೇಶನ್‌ಗೆ ಮುಟ್ಟಿಸಿರಿ. ಆದೇಶ ನಿಮ್ಮ ಫೈಲಿನಲ್ಲಿ ಮಲಗಿದ್ದರೆ ವಿಮಾನ ನಿಲ್ಲಿಸುವವರು ಯಾರು?

ಮಗುವನ್ನು ಕಳಿಸುವ ಮೊದಲು ಆ ದೇಶದ ಕೋರ್ಟಿನಿಂದ ಮಿರರ್ ಆರ್ಡರ್, ಅಂದರೆ ಇಲ್ಲಿಯ ಕೋರ್ಟ್ ಹಾಕಿದ ಷರತ್ತುಗಳನ್ನೇ ಹೇಳುವ ಆದೇಶ, ತರಿಸಿ ಎಂದು ಕೆಲವು ವಕೀಲರು ಹೇಳುತ್ತಾರೆ. ಒಳ್ಳೆಯದೇ, ಆದರೆ ಕೀನ್ಯಾದ ಪ್ರಕರಣ ನೋಡಿ. 2020ರಲ್ಲಿ ಸುಪ್ರೀಂ ಕೋರ್ಟ್ ಮಿರರ್ ಆರ್ಡರ್ ತರಬೇಕು, ಒಂದು ಕೋಟಿ ರೂಪಾಯಿ ಠೇವಣಿ ಇಡಬೇಕು ಎಂದು ಷರತ್ತು ಹಾಕಿ ಮಗುವನ್ನು ತಂದೆಗೆ ಒಪ್ಪಿಸಿತು. ಆತ ಷರತ್ತು ಮುರಿದ, 2021ರಲ್ಲಿ ಕೋರ್ಟ್ ತನ್ನ ಆದೇಶವನ್ನೇ ಹಿಂಪಡೆಯಬೇಕಾಯಿತು.

ಉಲ್ಟಾ ದಿಕ್ಕಿನಲ್ಲೂ ತೊಡಕುಂಟು. ಅಮೆರಿಕದಿಂದ ಗಂಡನಿಗೆ ಹೇಳದೆ ಮಗುವಿನೊಂದಿಗೆ ಧಾರವಾಡದ ತವರಿಗೆ ಬಂದವರ ಮೇಲೆ ಅಲ್ಲಿ ತಂದೆ ತಾಯಿಯೇ ಮಗುವನ್ನು ದೇಶ ದಾಟಿಸುವುದರ ವಿರುದ್ಧ ಇರುವ 1993ರ ಕಾನೂನಿನಡಿ ಕ್ರಿಮಿನಲ್ ಕೇಸು ಬೀಳಬಹುದು. ಇಲ್ಲಿ ಗಂಡ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ, ಹಾಕಬಹುದು. ವಿದೇಶಿ ಆದೇಶಕ್ಕಿಂತ ಮಗುವಿನ ಹಿತವೇ ಮೇಲು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆದರೆ ಮಗುವನ್ನು ವಾಪಸ್ ಕಳಿಸಿದ ತೀರ್ಪುಗಳೂ ಇವೆ.

ಇನ್ನೊಂದು ಸಣ್ಣ ಕೆಲಸ. ಬರುವ ಟಿಕೆಟ್ಟಿನ ಪಿಎನ್‌ಆರ್ ತೆಗೆದುಕೊಂಡು ವಾರಕ್ಕೊಮ್ಮೆ ಏರ್‌ಲೈನ್ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತಿರಿ. ಟಿಕೆಟ್ ಕ್ಯಾನ್ಸಲ್ ಆದದ್ದು ಮೊದಲು ಗೊತ್ತಾಗುವುದು ಅಲ್ಲೇ.