ಅವರೆಕಾಳಿನ ಹರಳು, ಮೂರು ಡಿಟೆಕ್ಟರ್

ದೇವರಾಜ ಮಾರ್ಕೆಟ್‌ನಿಂದ ತಂದ ಅವರೆಕಾಳಿನಿಂದ ಲೆಕ್ಟಿನ್ ಎಂಬ ಪ್ರೋಟೀನ್ ತೆಗೆದು ಹರಳು ಬೆಳೆಸಲು ನನಗೆ ಎಂಟು ತಿಂಗಳು ಹಿಡಿಯಿತು. ಸಿಕ್ಕಿದ್ದು ತೆಳ್ಳನೆ ಬಿಲ್ಲೆಗಳು. ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದರೆ ಅದು ಚದುರಿ ಚುಕ್ಕೆಗಳಾಗಿ ಬೀಳುತ್ತದೆ, ಆ ಚುಕ್ಕೆಗಳಿಂದ ಪ್ರೋಟೀನಿನ ಆಕಾರವನ್ನು ಲೆಕ್ಕ ಹಾಕಬಹುದು. ಚಿತ್ರದ ಅಂಚಿನ ಮಸುಕು ಚುಕ್ಕೆಗಳಲ್ಲೇ ಸೂಕ್ಷ್ಮ ವಿವರ ಇರುವುದು. ಚುಕ್ಕೆಗಳನ್ನು ಹಿಡಿಯುವುದು ಡಿಟೆಕ್ಟರ್. ನನ್ನ ಬಿಲ್ಲೆಗಳನ್ನು ಮೂರು ಬಗೆಯ ಡಿಟೆಕ್ಟರ್ ಮುಂದೆ ಇಟ್ಟು ನೋಡಿದ್ದೇನೆ.

ಮೊದಲು ಮೈಸೂರಿನ ನಮ್ಮ ಲ್ಯಾಬಿನ ಇಮೇಜ್ ಪ್ಲೇಟ್. ಎಕ್ಸ್-ರೇ ಬಿದ್ದ ಜಾಗದಲ್ಲಿ ಅದರ ಲೇಪ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ಲೇಸರ್ ಹಾಯಿಸಿದರೆ ನೀಲಿ ಬೆಳಕಾಗಿ ಬಿಟ್ಟುಕೊಡುತ್ತದೆ. ಒಂದು ಚಿತ್ರಕ್ಕೆ ಹತ್ತು ನಿಮಿಷ ಎಕ್ಸ್-ರೇ, ಓದಿ ಅಳಿಸಲು ಮತ್ತಷ್ಟು ಹೊತ್ತು. ಮೊಟ್ಟೆಯ ಬಿಳಿಯಿಂದ ಸಿಗುವ ಪ್ರೋಟೀನ್ ಆದ ಲೈಸೊಜೈಮ್‌ನ ದಪ್ಪ ಹರಳಿಗೆ ಇದು ಧಾರಾಳ ಸಾಕು. ನನ್ನ ಬಿಲ್ಲೆಗೆ ಮಾತ್ರ ಅಂಚಿನ ಚುಕ್ಕೆಗಳೇ ಕಾಣಲಿಲ್ಲ. ಲ್ಯಾಬಿನ ಎಕ್ಸ್-ರೇ ಮಂದವಾದದ್ದು, ತಪ್ಪನ್ನೆಲ್ಲ ಪ್ಲೇಟಿನ ತಲೆಗೆ ಕಟ್ಟುವಂತಿಲ್ಲ.

ಎರಡನೆಯದು ಸಿಸಿಡಿ, ಅಂದರೆ ಕ್ಯಾಮೆರಾದಂತೆ ಬೆಳಕು ಹಿಡಿಯುವ ಚಿಪ್ ಇರುವ ಡಿಟೆಕ್ಟರ್. ಅದು ಸಿಕ್ಕಿದ್ದು ಇಂದೋರಿನಲ್ಲಿ, ತುಂಬಾ ಪ್ರಖರ ಎಕ್ಸ್-ರೇ ಕೊಡುವ ದೊಡ್ಡ ಯಂತ್ರವಾದ ಇಂಡಸ್-2 ಸಿಂಕ್ರೊಟ್ರಾನ್‌ನಲ್ಲಿ. ಇಲ್ಲಿ ಎಕ್ಸ್-ರೇ ಮೊದಲು ಬೆಳಕಾಗಬೇಕು, ಆ ಬೆಳಕು ಗಾಜಿನ ಎಳೆಗಳ ಕಟ್ಟಿನಲ್ಲಿ ಕುಗ್ಗಿ ಚಿಪ್ ತಲುಪಬೇಕು. ಒಂದೊಂದು ಚಿತ್ರಕ್ಕೂ ಶಟರ್ ತೆರೆದು ಮುಚ್ಚಬೇಕು. ಪ್ಲೇಟಿಗಿಂತ ಎಷ್ಟೋ ಬೇಗ, ಅಂಚಿನ ಚುಕ್ಕೆಗಳೂ ಬಂದವು. ಆದರೆ ಎಕ್ಸ್-ರೇ ಇಲ್ಲದಾಗಲೂ ಚಿಪ್‌ನಲ್ಲಿ ಒಂದಿಷ್ಟು ಗದ್ದಲ, ಅಂದರೆ ಸುಳ್ಳು ಸಂಕೇತ, ಇದ್ದೇ ಇರುತ್ತದೆ. ಮಸುಕು ಚುಕ್ಕೆ ಅದರಲ್ಲೇ ಮುಳುಗಿಬಿಡುತ್ತದೆ.

ಆಮೇಲೆ ಹೊರದೇಶದ ಸಿಂಕ್ರೊಟ್ರಾನ್ ಒಂದರಲ್ಲಿ ಪಿಲಾಟಸ್ ಸಿಕ್ಕಿತು. ಇದು ಪಿಕ್ಸೆಲ್ ಡಿಟೆಕ್ಟರ್. ಸಿಲಿಕಾನ್ ಮೇಲೆ 172 ಮೈಕ್ರಾನ್‌ನ ಚೌಕಗಳು, ಪ್ರತಿ ಚೌಕಕ್ಕೂ ಅದರದೇ ಕೌಂಟರ್. ಒಂದು ಮಟ್ಟಕ್ಕಿಂತ ಕೆಳಗಿನ ಗದ್ದಲವನ್ನೆಲ್ಲ ಅಲ್ಲೇ ಬಿಟ್ಟು, ಎಕ್ಸ್-ರೇಯ ಕಣಗಳಾದ ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸುತ್ತದೆ. ಅಂಚಿನ ಕಡೆ ಜೂಮ್ ಮಾಡಿ ಅಂಕಿಗಳನ್ನು ನೋಡಿದೆ: 0, 0, 1, 0, 0, 2. ಪಕ್ಕದಲ್ಲೇ 9, 14, 8. ಅದು ಚುಕ್ಕೆ! ಕಣ್ಣಿಗೆ ಕಾಣದ್ದು ಲೆಕ್ಕಕ್ಕೆ ಸಿಕ್ಕಿತ್ತು. ತುಂಬಾ ಹೊತ್ತು ಆ ಅಂಕಿಗಳನ್ನೇ ನೋಡುತ್ತಾ ಕೂತಿದ್ದೆ.

ಓದಲು ಕೆಲವೇ ಮಿಲಿಸೆಕೆಂಡ್ ಸಾಕಾದ್ದರಿಂದ ಶಟರ್ ಮುಚ್ಚುವ ಮಾತೇ ಇಲ್ಲ. ಹರಳನ್ನು ಸುಮ್ನೆ ತಿರುಗಿಸುತ್ತಾ 0.1 ಡಿಗ್ರಿಗೊಂದರಂತೆ 1800 ಚಿತ್ರ ತೆಗೆದೆವು. ಇಷ್ಟು ಸಣ್ಣ ತುಣುಕಾದರೆ ಪ್ರತಿ ಚುಕ್ಕೆಗೂ ಸೇರುವ ಹಿನ್ನೆಲೆ, ಅಂದರೆ ಸುತ್ತ ಹರಡಿದ ಬೇಡದ ಎಕ್ಸ್-ರೇ, ಕಡಿಮೆ. ಗದ್ದಲವಿರುವ ಸಿಸಿಡಿಯಲ್ಲಿ ಹೀಗೆ ಮಾಡಿದರೆ ಪ್ರತಿ ತುಣುಕಿಗೂ ಗದ್ದಲ ಸೇರಿ ನಷ್ಟವೇ ಜಾಸ್ತಿ.

ಪಿಲಾಟಸ್‌ಗೂ ಕೊರತೆ ಇದೆ. ಅದನ್ನು ಮಾಡ್ಯೂಲ್ ಎಂಬ ಸಣ್ಣ ಫಲಕಗಳನ್ನು ಜೋಡಿಸಿ ಮಾಡಿದ್ದಾರೆ. ಮಾಡ್ಯೂಲ್‌ಗಳ ನಡುವೆ ಖಾಲಿ ಪಟ್ಟಿಗಳಿವೆ. ತುಂಬಾ ಜೋರಾದ ಚುಕ್ಕೆಗಳಲ್ಲಿ ಎಣಿಕೆ ತಪ್ಪುತ್ತದೆ. ನಮ್ಮ ಮೊದಲ ಸೆಟ್ ಹಾಗೇ ಕೆಟ್ಟಿತು, ಎಕ್ಸ್-ರೇ ಬೀಮಿನ ಜೋರು ತಗ್ಗಿಸಿ ಮತ್ತೆ ತೆಗೆದೆವು.

ಈಗಲೂ ಹೊಸ ಹುಡುಗ ಹುಡುಗಿಯರು ಬಂದರೆ ಲೈಸೊಜೈಮ್ ಕೊಟ್ಟು ಇಮೇಜ್ ಪ್ಲೇಟ್ ಮುಂದೆ ಕೂರಿಸುತ್ತೇನೆ. ನಿಧಾನವಾಗಿ ಒಂದೊಂದೇ ಚಿತ್ರ ಬರುವಾಗ ಕಲಿಯುವುದಕ್ಕೆ ಬಿಡುವು ಸಿಗುತ್ತದೆ, ಅಲ್ವಾ? ನನ್ನ ತೆಳ್ಳನೆ ಬಿಲ್ಲೆಗಳಿಗೆ ಮಾತ್ರ ಪಿಕ್ಸೆಲ್ಲೇ ಬೇಕು. ಉಳಿದ ಎರಡು ಹರಳು ದ್ರವ ನೈಟ್ರೋಜನ್‌ನಲ್ಲಿವೆ, ಬೀಮ್‌ಟೈಮ್‌ಗೆ, ಅಂದರೆ ಸಿಂಕ್ರೊಟ್ರಾನ್ ಬಳಸಲು ಕೊಡುವ ಸಮಯಕ್ಕೆ, ಅರ್ಜಿ ಹಾಕಿದ್ದೇನೆ.