ಬೆಂಡೆಯ ಬೂದಿ ರೋಗಕ್ಕೆ ಲವಂಗದ ಎಣ್ಣೆಯೋ, ನಿಂಬೆಹುಲ್ಲೋ, ನೀಲಗಿರಿಯೋ?

ಚಳಿ ಶುರುವಾದರೆ ನಮ್ಮ ಬೆಂಡೆ ಸಾಲಿಗೆ ಬೂದಿ ರೋಗ ತಪ್ಪಿದ್ದಲ್ಲ. ಎಲೆ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಮಚ್ಚೆ, ಆಮೇಲೆ ಎಲೆ ಹಳದಿಯಾಗಿ ಉದುರುತ್ತದೆ. ಮನೆಯವರೇ ತಿನ್ನುವ ಕಾಯಿ, ದಿನ ಬಿಟ್ಟು ದಿನ ಕೊಯ್ಯುತ್ತೇವೆ. ಅದಕ್ಕೇ ಸುಗಂಧ ತೈಲ ಹೊಡೆದು ನೋಡೋಣ ಅನ್ನಿಸಿತು. ಮೂರು ಎಣ್ಣೆಗೆ ಮೂರು ಸಾಲು, ಪಕ್ಕದ ಸಾಲಿಗೆ ಮಾಮೂಲಿ ಗಂಧಕ. ಹೋಲಿಸಿ ನೋಡೋಕೆ ಅದೂ ಬೇಕಲ್ವಾ?

ಬೆರೆಸುವುದರಲ್ಲೇ ಅರ್ಧ ಕೆಲಸ ಇದೆ. ನಿಂಬೆಹುಲ್ಲು, ನೀಲಗಿರಿ ಎಣ್ಣೆ ನೀರಿನ ಮೇಲೆ ತೇಲುತ್ತವೆ. ಲವಂಗದ ಎಣ್ಣೆ ನೀರಿಗಿಂತ ಭಾರ, ಹನಿಹನಿಯಾಗಿ ತಳಕ್ಕೆ ಇಳಿಯುತ್ತದೆ. ಸುಮ್ನೆ ಕಲಕಿ ಹೊಡೆದರೆ ಒಂದು ಗಿಡಕ್ಕೆ ಬರೀ ನೀರು, ಇನ್ನೊಂದಕ್ಕೆ ಬರೀ ಎಣ್ಣೆ. ಅಂಟುವಾಳಕಾಯಿ ನೆನೆಸಿದ ನೀರಿಗೆ ಎಣ್ಣೆ ಹಾಕಿ, ಹಾಲಿನಂತೆ ಬೆಳ್ಳಗಾಗುವ ತನಕ ಕುಲುಕಿ, ಆಮೇಲೆ ಉಳಿದ ನೀರು ಸೇರಿಸಿದೆ. ಲೀಟರಿಗೆ 2 ಮಿ.ಲೀ. ಎಣ್ಣೆ.

ನೀಲಗಿರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿತ್ತಲೆಲ್ಲ ಘಮ್ಮೆಂದಿತು, ಮಚ್ಚೆ ಮಾತ್ರ ಹರಡುತ್ತಲೇ ಹೋಯಿತು.

ಲವಂಗದ ಏಟು ಜೋರು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಇರುವುದು ಯೂಜಿನಾಲ್. ಅದು ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ಒಡೆಯುತ್ತದೆ. ಬಿಳಿ ಪುಡಿ ಬೇಗ ಕಂದಿ ಒಣಗಿತು. ಆದರೆ ಗಿಡದ ಎಲೆಯನ್ನೂ ಅದು ಬಿಡುವುದಿಲ್ಲ. ಚಿಗುರು ಮುದುಡಿತು, ಎಳೆ ಎಲೆಯ ಅಂಚು ಕಾಫಿ ಬಣ್ಣಕ್ಕೆ ತಿರುಗಿತು. ಹೊರದೇಶಗಳಲ್ಲಿ ಸಾವಯವ ಕೃಷಿಯವರು ಲವಂಗದ ಎಣ್ಣೆಯನ್ನು ಕಳೆನಾಶಕವಾಗಿಯೇ ಬಳಸುತ್ತಾರೆ. ಹೊಡೆಯಲೇಬೇಕೆಂದರೆ 1 ಮಿ.ಲೀ.ಗೆ ಇಳಿಸಿ, ಮೊದಲು ಒಂದೇ ಎಲೆಗೆ ಹಾಕಿ ಒಂದು ದಿನ ಕಾಯಿರಿ.

ನನ್ನ ಮನಸ್ಸು ನಿಂಬೆಹುಲ್ಲಿನ ಕಡೆಗೇ. ಇದರ ಬಲ ಸಿಟ್ರಾಲ್ ಎಂಬ, ನಿಂಬೆ ವಾಸನೆ ಕೊಡುವ ಅಂಶದಲ್ಲಿದೆ. ಹಳೇ ಮಚ್ಚೆ ಪೂರ್ತಿ ಅಳಿಯಲಿಲ್ಲ, ಆದರೆ ಹೊಸ ಎಲೆಗೆ ಹತ್ತುವುದು ಕಡಿಮೆಯಾಯಿತು. ಚಿಗುರಿಗೂ ಏನೂ ಆಗಲಿಲ್ಲ. ಲವಂಗದ ಎಣ್ಣೆಗಿಂತ ಅಗ್ಗ ಕೂಡ. ಮೊದಲ ಮಚ್ಚೆ ಕಂಡಾಗಲೇ, ಸಂಜೆ ಹೊತ್ತು, ಎಲೆಯ ಅಡಿಗೂ ತಾಗುವಂತೆ ಹೊಡೆಯಬೇಕು.

ಬಾಳಿಕೆ ನೋಡಿದರೆ ಗಂಧಕವೇ ಗೆದ್ದಿತು. ಎಣ್ಣೆ ಗಾಳಿಗೆ ಆರಿಹೋಗುತ್ತದೆ, ವಾರಕ್ಕೊಮ್ಮೆಯಾದರೂ ಮತ್ತೆ ಹೊಡೆಯಬೇಕು. ಎಕರೆಗಟ್ಟಲೆ ಬೆಳೆಯುವವರಿಗೆ ಈ ಕೂಲಿ, ಖರ್ಚು ಗಿಟ್ಟುವುದಿಲ್ಲ, ಅವರು ಗಂಧಕಕ್ಕೇ ಹೋಗಲಿ. ಆದರೆ ಸುಡು ಬಿಸಿಲಲ್ಲಿ ಗಂಧಕವೂ ಎಲೆ ಸುಡುತ್ತದೆ. ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರ ಗಂಧಕ ಬೇಡ.

ಇನ್ನೊಂದು ಮಾತು. ಬೂದಿ ರೋಗದ ಶಿಲೀಂಧ್ರ ಎಲೆಯ ಮೇಲ್ಮೈಯಲ್ಲೇ ಹಬ್ಬುತ್ತದೆ, ಹಾಗಾಗಿ ಎಣ್ಣೆ ಅದಕ್ಕೆ ನೇರ ತಾಗುತ್ತದೆ. ಮಣ್ಣಿನಿಂದ ಬರುವ ಸೊರಗು ರೋಗಕ್ಕೋ, ಮಲೆನಾಡಿನ ಮಳೆಯಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೋ ಇದನ್ನು ನಂಬಿ ಕೂರಬೇಡಿ. ಕೊಳೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವೇ ಸರಿ.

ನಿಂಬೆಹುಲ್ಲಿನ ಎಣ್ಣೆ ಕೊಳ್ಳುವಾಗ ಬಿಳಿ ಕಾಗದಕ್ಕೆ ಒಂದು ಹನಿ ಬಿಟ್ಟು ನೋಡಿ. ಆರಿದ ಮೇಲೂ ಜಿಡ್ಡಿನ ಕಲೆ ದಟ್ಟವಾಗಿ ಉಳಿದರೆ ಅಡುಗೆ ಎಣ್ಣೆ ಬೆರೆಸಿರುವ ಸಾಧ್ಯತೆ ಜಾಸ್ತಿ. ಅಂಥದ್ದು ಬೇಡ.