ತುರಹಳ್ಳಿ ಕಾಡಿನ ಸಸ್ಯನಡಿಗೆ
ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ಗಿಡಗಳ ಪರಿಚಯಕ್ಕೆಂದು ನಡೆದ ಈ ಭಾನುವಾರದ ನಡಿಗೆಗೆ ಕೊಟ್ಟ 300 ರೂಪಾಯಿ ಸಾರ್ಥಕ. ಮಾರ್ಗದರ್ಶಿ ಮೊದಲು ಕುಳಿತದ್ದೇ ಕಾಲುದಾರಿಯಂಚಿನ ಲಂಟಾನದ ಮುಂದೆ. ಒಂದೇ ಗೊಂಚಲು: ನಡುವಿನ ಎಳೆಯ ಹೂಗಳು ಹಳದಿ, ಅಂಚಿನ ಹಳೆಯವು ಗುಲಾಬಿ. ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದು ಅಮೆರಿಕ ಖಂಡದಿಂದ ಬಂದ ಪೊದೆ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಕಡಿದ, ಸುಟ್ಟ, ದನ ಮೇಯ್ದ ನೆಲ ಸಿಕ್ಕರೆ ಸಾಕು, ಬೇರೂರಿ ಬಿಡುತ್ತದೆ. ಆದರೂ ಬಂಡೆಯ ಸಂದಿನಲ್ಲಿ ನಮ್ಮ ನೆಲದ್ದೇ ಗಿಡಗಳಾದ ಬಂದರಿಕೆ, ಕಾರೆ ಇನ್ನೂ ಪಟ್ಟು ಬಿಡದೆ ನಿಂತಿವೆ. ಕಂಡು ಹೊಟ್ಟೆ ತಣ್ಣಗಾಯಿತು. ನೀಲಗಿರಿ ತೋಪಿನ ಕೆಳಗೆ ಮಾತ್ರ ಒಣ ಎಲೆ, ತೊಗಟೆಯದೇ ರಾಜ್ಯ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಗುಂಪು ತೀರಾ ದೊಡ್ಡದು, ಹಿಂದಿದ್ದವರಿಗೆ ಅರ್ಧ ಮಾತು ಕೇಳಿಸಲಿಲ್ಲ. ಹೋದರೆ ಮುಂದೆಯೇ ನಿಲ್ಲಿ, ಭೂತಗನ್ನಡಿ ಒಯ್ಯಿರಿ.